ಬೈಕ್‌ಗೆ ರಡಾರ್ ಡಿಟೆಕ್ಟರ್ ಆರಿಸುವುದು ಹೇಗೆ: ಹೆಲ್ಮೆಟ್‌ನಿಂದ ಶುರು ಮಾಡಿ

ರಡಾರ್ ಡಿಟೆಕ್ಟರ್, ಅಂದರೆ ಪೊಲೀಸರ ವೇಗ ಅಳೆಯುವ ರಡಾರ್ ಹತ್ತಿರದಲ್ಲಿದೆ ಎಂದು ಎಚ್ಚರಿಸುವ ಉಪಕರಣ, ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ದೂರದಿಂದ ಹಿಡಿಯುತ್ತೆ?" ಕಾರಿನವರು ಹಾಗೆ ಕೇಳಿದರೆ ಸರಿ. ಬೈಕಿನವರು ಅದನ್ನು ಕೊನೆಗೆ ಕೇಳಬೇಕು. ಕಾರಿನೊಳಗೆ ಗಾಳಿಯಿಲ್ಲ, ಮಳೆಯಿಲ್ಲ, ಡಿಟೆಕ್ಟರ್ ಕಣ್ಣೆದುರೇ ಗಾಜಿಗೆ ಅಂಟಿಕೊಂಡಿರುತ್ತದೆ. ಬೈಕ್ ಮೇಲೆ ಗಂಟೆಗೆ 100 ಕಿ.ಮೀ. ವೇಗ ಮುಟ್ಟಿದರೆ ಹೆಲ್ಮೆಟ್‌ನೊಳಗೆ ಗಾಳಿಯ ಸದ್ದೇ 100 ಡೆಸಿಬಲ್ ಆಸುಪಾಸು ಇರುತ್ತದೆ. ಡಿಟೆಕ್ಟರ್ ಎರಡು ಕಿಲೋಮೀಟರ್ ಮುಂಚೆಯೇ ರಡಾರ್ ಹಿಡಿದು ಕೂಗಿಕೊಂಡರೂ ನಿಮಗೆ ಕೇಳಿಸದಿದ್ದರೆ ಏನು ಬಂತು?

ಹಾಗಾಗಿ ಇಲ್ಲಿ ಮಾಮೂಲಿ ಕ್ರಮವನ್ನೇ ತಿರುಗಿಸಿದ್ದೇನೆ. ಮೊದಲು ಕಾನೂನು, ಆಮೇಲೆ ಕಿವಿ, ಆಮೇಲೆ ಮಳೆ ಮತ್ತು ಕರೆಂಟು. ರೇಂಜ್‌ನ ಮಾತು ಅದಾದ ಮೇಲೆ.

ಹಂತ 1: ನೀವು ಓಡಾಡುವ ಕಡೆ ಇದು ಕಾನೂನುಬದ್ಧವೇ?

ಡಿಟೆಕ್ಟರ್ ಎಂದರೆ ಒಂದು ರೇಡಿಯೋ ರಿಸೀವರ್, ಅಷ್ಟೇ. ಪೊಲೀಸರು ವೇಗ ಅಳೆಯಲು ಬಳಸುವ ರಡಾರ್ ಗನ್ ಬಿಡುವ ಮೈಕ್ರೋವೇವ್ ಅಲೆ ಸಿಕ್ಕಿದರೆ ಬೀಪ್ ಎನ್ನುತ್ತದೆ. ನಿಮ್ಮ ವೇಗ ಎಷ್ಟು, ಗನ್ ಎಷ್ಟು ದೂರದಲ್ಲಿದೆ ಎಂಬುದೆಲ್ಲ ಆ ಅಲೆಯಿಂದ ಅದಕ್ಕೆ ಗೊತ್ತಾಗುವುದಿಲ್ಲ. ಇಷ್ಟಾದರೂ ಎಷ್ಟೋ ದೇಶಗಳಲ್ಲಿ ಇದಕ್ಕೆ ನಿಷೇಧವಿದೆ.

ಅಮೆರಿಕದಲ್ಲಿ ಸ್ವಂತ ವಾಹನಕ್ಕೆ ಹೆಚ್ಚುಕಡಿಮೆ ಎಲ್ಲ ಕಡೆ ಹಾಕಿಕೊಳ್ಳಬಹುದು. ವರ್ಜೀನಿಯಾ ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್‌ನಲ್ಲಿ ಮಾತ್ರ ಇಲ್ಲ. ಪಕ್ಕದ ಕೆನಡಾದಲ್ಲಿ ಲೆಕ್ಕ ಉಲ್ಟಾ. ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಸ್ಕಾಚೆವಾನ್ ಬಿಟ್ಟರೆ ಉಳಿದ ಪ್ರಾಂತ್ಯಗಳಲ್ಲಿ ನಿಷಿದ್ಧ. ಒಂಟಾರಿಯೊದಲ್ಲಿ ಆಫ್ ಮಾಡಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರೂ ತಪ್ಪೇ, ಪೊಲೀಸರು ಕಿತ್ತುಕೊಳ್ಳಬಹುದು. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್‌ಲ್ಯಾಂಡ್‌ಗಳಲ್ಲಿ ಡಿಟೆಕ್ಟರ್ ಬಳಸುವಂತಿಲ್ಲ. ಅಲ್ಲೆಲ್ಲ ಕ್ಯಾಮೆರಾ ಎಲ್ಲಿದೆ ಎಂದು ನೇರವಾಗಿ ಹೇಳುವ ಫೋನ್ ಆ್ಯಪ್ ಕೂಡ ತೊಂದರೆಗೆ ಸಿಕ್ಕಿಸಬಹುದು. ಗಡಿ ದಾಟುವ ಪ್ರವಾಸ ಹಾಕಿಕೊಂಡಿದ್ದರೆ ದಾರಿಯಲ್ಲಿ ಬರುವ ಪ್ರತಿ ರಾಜ್ಯದ, ಪ್ರತಿ ದೇಶದ ನಿಯಮವನ್ನೂ ಮೊದಲೇ ಓದಿಕೊಳ್ಳಿ. ನಿಮ್ಮ ಊರಿನ ನಿಯಮ ಅಲ್ಲಿ ನಡೆಯುವುದಿಲ್ಲ.

"ಯಾರಿಗೆ ಗೊತ್ತಾಗುತ್ತೆ ಬಿಡಿ" ಎನ್ನುವವರಿಗೆ ಒಂದು ಮಾತು. ಡಿಟೆಕ್ಟರ್ ಒಳಗೆ ಅಲೆ ಹುಟ್ಟಿಸುವ ಆಸಿಲೇಟರ್ ಎಂಬ ಭಾಗದಿಂದ ಸ್ವಲ್ಪ ಸಿಗ್ನಲ್ ಹೊರಕ್ಕೆ ಸೋರುತ್ತದೆ. ಅದನ್ನು ಹಿಡಿಯುವ ಉಪಕರಣ ನಿಷೇಧವಿರುವ ಕಡೆಯ ಪೊಲೀಸರ ಹತ್ತಿರ ಇದೆ. ಸ್ಪೆಕ್ಟರ್ ಎನ್ನುವುದು ಅದರಲ್ಲಿ ಹೆಸರಾದದ್ದು.

ಜಾಮರ್ ಬೇರೆಯೇ ವಸ್ತು. ಅದು ತಾನೇ ಸಿಗ್ನಲ್ ಬಿಟ್ಟು ಗನ್ನಿನ ದಾರಿ ತಪ್ಪಿಸುತ್ತದೆ. ಡಿಟೆಕ್ಟರ್‌ಗೆ ಅನುಮತಿಯಿರುವ ಅಮೆರಿಕದಲ್ಲೂ ರಡಾರ್ ಜಾಮರ್ ಫೆಡರಲ್ ಅಪರಾಧ. ಅದರ ತಂಟೆಗೇ ಹೋಗಬೇಡಿ.

ಹಂತ 2: ನಿಮ್ಮ ರಸ್ತೆಗಳಲ್ಲಿ ವೇಗ ಅಳೆಯುವುದು ಯಾವುದರಿಂದ?

ಇದನ್ನು ತಿಳಿಯದೆ ದುಡ್ಡು ಹಾಕಬೇಡಿ. ರಡಾರ್ ಗನ್‌ಗಳು ಮುಖ್ಯವಾಗಿ ಮೂರು ಆವರ್ತನ ಪಟ್ಟಿಗಳಲ್ಲಿ (ಬ್ಯಾಂಡ್) ಕೆಲಸ ಮಾಡುತ್ತವೆ. ಎಕ್ಸ್ ಬ್ಯಾಂಡ್ 10.5 ಗಿಗಾಹರ್ಟ್ಸ್ ಸುತ್ತ ಇದೆ. ಹಳೆಯದು, ಈಗ ಅಪರೂಪ. ಕೆ ಬ್ಯಾಂಡ್ 24 ಗಿಗಾಹರ್ಟ್ಸ್ ಸುತ್ತ ಇದೆ, ಅಂಗಡಿಗಳ ಆಟೋಮ್ಯಾಟಿಕ್ ಬಾಗಿಲುಗಳೂ ಇದರಲ್ಲೇ ಇವೆ. ಕೆಎ ಬ್ಯಾಂಡ್ 33.4ರಿಂದ 36 ಗಿಗಾಹರ್ಟ್ಸ್‌ವರೆಗೆ ಹರಡಿದೆ. ಅಮೆರಿಕದ ಹೊಸ ಗನ್‌ಗಳು ಜಾಸ್ತಿ ಇರುವುದು ಇದರಲ್ಲೇ, ಅದರಲ್ಲೂ 33.8, 34.7, 35.5ರ ಆಸುಪಾಸಿನಲ್ಲಿ. ಬೇರೆ ಯಾರೂ ಹೆಚ್ಚಾಗಿ ಬಳಸದ ಪಟ್ಟಿಯಾದ್ದರಿಂದ ಕೆಎ ಬೀಪ್ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಇನ್ನೊಂದು ಲೇಸರ್ ಗನ್. ಇದರದ್ದು ಸುಮಾರು 904 ನ್ಯಾನೋಮೀಟರ್‌ನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಎರಡಕ್ಕೂ ಇರುವ ವ್ಯತ್ಯಾಸ ಅಳತೆಯಲ್ಲಿ ಗೊತ್ತಾಗುತ್ತದೆ. ಕೈಯಲ್ಲಿ ಹಿಡಿಯುವ ರಡಾರ್ ಗನ್ನಿನ ಕಿರಣ ಸುಮಾರು 12 ಡಿಗ್ರಿ ಅಗಲ. 300 ಮೀಟರ್ ದೂರ ಹೋಗುವಷ್ಟರಲ್ಲಿ ಅದು 60 ಮೀಟರ್‌ಗೂ ಹೆಚ್ಚು ಹರಡಿ, ರಸ್ತೆ, ಪಕ್ಕದ ಗಿಡ, ಗೋಡೆ ಎಲ್ಲದಕ್ಕೂ ಬಡಿದು ಚೆಲ್ಲಾಪಿಲ್ಲಿಯಾಗುತ್ತದೆ. ಆ ಚೆಲ್ಲಿದ್ದನ್ನೇ ಡಿಟೆಕ್ಟರ್ ದೂರದಿಂದ ಹಿಡಿಯುವುದು. ಲೇಸರ್ ಕಿರಣ ಅದೇ 300 ಮೀಟರ್‌ನಲ್ಲಿ ಒಂದು ಮೀಟರ್ ಅಗಲವೂ ಆಗಿರುವುದಿಲ್ಲ. ನೇರ ನಿಮ್ಮ ಹೆಡ್‌ಲೈಟ್ ಮೇಲೆ ಬೀಳುತ್ತದೆ. ಡಿಟೆಕ್ಟರ್ "ಲೇಸರ್" ಎಂದು ಕೂಗುವ ಹೊತ್ತಿಗೆ ನಿಮ್ಮ ವೇಗ ಪೊಲೀಸರ ಕೈಯಲ್ಲಿರುತ್ತದೆ. ಮುಂದಿನ ವಾಹನಕ್ಕೆ ಹೊಡೆದ ಬೆಳಕು ಒಂದಿಷ್ಟು ಚದುರಿ ನಿಮ್ಮ ಕಡೆ ಬಂದರೆ ಮಾತ್ರ ಮುನ್ಸೂಚನೆ ಸಿಗುತ್ತದೆ.

ಸರಾಸರಿ ವೇಗದ ಕ್ಯಾಮೆರಾ ಬಂದರಂತೂ ಡಿಟೆಕ್ಟರ್ ಕಿವುಡು. ಎರಡು ಕಡೆ ನಂಬರ್ ಪ್ಲೇಟ್ ಓದಿ, ನಡುವಿನ ದೂರಕ್ಕೆ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕುವ ವ್ಯವಸ್ಥೆ ಅದು. ರಡಾರೇ ಇಲ್ಲದಿದ್ದರೆ ಹಿಡಿಯುವುದು ಏನನ್ನು? ರಸ್ತೆಯೊಳಗೆ ಹೂತಿಟ್ಟ ತಂತಿಯ ಸುರುಳಿಯಿಂದ ಅಳೆಯುವ ಕ್ಯಾಮೆರಾಗಳಿಗೂ ಇದೇ ಮಾತು.

ಹೀಗಾಗಿ ನಿಮ್ಮ ದಾರಿಗಳಲ್ಲಿ ಇರುವುದೆಲ್ಲ ಲೇಸರ್ ಮತ್ತು ಸರಾಸರಿ ವೇಗದ ಕ್ಯಾಮೆರಾಗಳೇ ಆಗಿದ್ದರೆ ಡಿಟೆಕ್ಟರ್ ಕೊಳ್ಳಬೇಡಿ. ಎಷ್ಟೇ ದುಬಾರಿಯದನ್ನು ತಂದರೂ ಅದು ಹ್ಯಾಂಡಲ್‌ಬಾರ್ ಮೇಲೆ ಸುಮ್ನೆ ಕೂತಿರುತ್ತದೆ. ಗಸ್ತು ವಾಹನಗಳು ಓಡಾಡುತ್ತಲೇ ರಡಾರ್ ಬಳಸುವ ಉದ್ದನೆಯ ಹೆದ್ದಾರಿಗಳು ನಿಮ್ಮವಾದರೆ ಮುಂದೆ ಓದಿ.

ಹಂತ 3: ಎಚ್ಚರಿಕೆ ನಿಮ್ಮನ್ನು ತಲುಪುವುದು ಹೇಗೆ?

ಈ ಇಡೀ ಬರಹದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಡಿಟೆಕ್ಟರ್‌ನ ಸ್ವಂತ ಸ್ಪೀಕರ್ ಬೈಕ್ ಮೇಲೆ ಇಲ್ಲದ್ದಕ್ಕೆ ಸಮ. ಪರದೆಯನ್ನೂ ನಂಬಬೇಡಿ. 100 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ಕೆಳಗೆ ನೋಡಿದರೆ ಸುಮಾರು 28 ಮೀಟರ್ ರಸ್ತೆ ನೋಡದೇ ಸಾಗಿರುತ್ತದೆ. ಎಚ್ಚರಿಕೆ ಕಿವಿಗೆ ಬರಬೇಕು, ಇಲ್ಲವೇ ತಲೆ ತಗ್ಗಿಸದೆ ಕಾಣುವ ಕಡೆ ಬೆಳಕಾಗಿ ಬರಬೇಕು. ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ತಂತಿ. ಡಿಟೆಕ್ಟರ್‌ಗೆ 3.5 ಮಿ.ಮೀ. ಆಡಿಯೋ ಜ್ಯಾಕ್ ಇದ್ದರೆ ಇಯರ್‌ಫೋನ್ ಸಿಕ್ಕಿಸಿದರಾಯಿತು. ಕೆಡುವುದು ಕಡಿಮೆ, ತಡವೂ ಇಲ್ಲ. ಆದರೆ ಬೈಕ್‌ನಿಂದ ಇಳಿಯುವಾಗ ತಂತಿ ಮರೆತು ಎದ್ದರೆ ಜ್ಯಾಕ್ ಕಿತ್ತು ಬರುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಓಡಿಸುವುದು ಕೆಲವು ಕಡೆ ಕಾನೂನಿಗೆ ವಿರುದ್ಧ, ಅದನ್ನೂ ನೋಡಿಕೊಳ್ಳಿ.

ಎರಡನೆಯದು ಬ್ಲೂಟೂತ್. ಈಗ ಜಾಸ್ತಿ ಜನ ಹಿಡಿದಿರುವ ದಾರಿ ಇದು. ಡಿಟೆಕ್ಟರ್ ಫೋನಿಗೆ ಹೇಳುತ್ತದೆ, ಫೋನಿನ ಆ್ಯಪ್ ಸೇನಾ, ಕಾರ್ಡೊ ತರಹದ ಹೆಲ್ಮೆಟ್ ಇಂಟರ್‌ಕಾಮ್‌ಗೆ ಹೇಳುತ್ತದೆ, ಇಂಟರ್‌ಕಾಮ್ ನಿಮಗೆ ಹೇಳುತ್ತದೆ. ವ್ಯಾಲೆಂಟೈನ್ ಒನ್ ಎಂಬ ಡಿಟೆಕ್ಟರ್‌ನ ಎರಡನೇ ಪೀಳಿಗೆಯಲ್ಲಿ ಬ್ಲೂಟೂತ್ ಒಳಗೇ ಇದೆ. ಎಸ್ಕಾರ್ಟ್ ಕಂಪನಿಯ ಹಲವು ಮಾದರಿಗಳಲ್ಲೂ ಇದೆ. ಆ್ಯಪ್ ಮೂಲಕ "ಮುಂದೆ, ಕೆಎ" ಎಂದು ಮಾತಿನಲ್ಲೇ ಹೇಳಿಸಿಕೊಳ್ಳಬಹುದು, ಬೀಪ್‌ಗಿಂತ ಇದು ಎಷ್ಟೋ ವಾಸಿ.

ಆದರೆ ಈ ಸರಪಳಿಯಲ್ಲಿ ಕೊಂಡಿಗಳು ಜಾಸ್ತಿ. ಒಂದು ಕಡೆ ಕಳಚಿದರೂ ಮೌನ, ಕಳಚಿದೆ ಎಂದು ನಿಮಗೆ ಗೊತ್ತಾಗುವುದೂ ಇಲ್ಲ. ಫೋನು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್ ಅನ್ನು ಮಲಗಿಸಿಬಿಡುತ್ತದೆ. ಸೆಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ಗೆ ಬ್ಯಾಟರಿ ಮಿತಿ ತೆಗೆದುಹಾಕಿ. ಇನ್ನೊಂದು ತೊಂದರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಇಂಟರ್‌ಕಾಮ್ ಆಡಿಯೋ ಮಾರ್ಗವನ್ನು ಮುಚ್ಚಿಬಿಡುತ್ತದೆ. ಎಚ್ಚರಿಕೆ ಬಂದಾಗ ಅದು ಎದ್ದು ತೆರೆಯುವಷ್ಟರಲ್ಲಿ ಮೊದಲ ಪದ ನುಂಗಿಹೋಗಿರುತ್ತದೆ. "ಮುಂದೆ, ಕೆಎ" ಎಂದು ಹೇಳಿದ್ದರಲ್ಲಿ ನಿಮಗೆ "ಕೆಎ" ಅಷ್ಟೇ ಕೇಳಿಸುತ್ತದೆ. ಸಣ್ಣ ದನಿಯಲ್ಲಿ ಹಾಡು ಹಾಕಿಕೊಂಡರೆ ಮಾರ್ಗ ತೆರೆದೇ ಇರುತ್ತದೆ. ಎಚ್ಚರಿಕೆ ಬಂದಾಗ ಹಾಡಿನ ದನಿ ತಾನೇ ತಗ್ಗುವಂತೆ ಸೆಟಿಂಗ್ ಇರಬೇಕು. ಇಂಟರ್‌ಕಾಮ್‌ನಲ್ಲಿ ಜೊತೆಗಾರರ ಹತ್ತಿರ ಮಾತಾಡುತ್ತಿರುವಾಗ ಎಚ್ಚರಿಕೆ ಕೇಳುತ್ತದೆಯೇ ಎಂಬುದನ್ನೂ ನಿಂತಲ್ಲೇ ಪರೀಕ್ಷಿಸಿ. ಕೆಲವು ಹೆಡ್‌ಸೆಟ್‌ಗಳು ಮಾತಿನ ನಡುವೆ ಬೇರೆ ಆಡಿಯೋ ಬಿಡುವುದೇ ಇಲ್ಲ.

ಮೂರನೆಯದು ಬೆಳಕು. ಮೀಟರ್ ಮೇಲೆ, ಕನ್ನಡಿಯ ಬುಡದಲ್ಲಿ ಅಥವಾ ಹೆಲ್ಮೆಟ್‌ನೊಳಗೆ ಕಣ್ಣಂಚಿಗೆ ಒಂದು ಪುಟ್ಟ ಎಲ್‌ಇಡಿ. ಸಿಗ್ನಲ್ ಬಂದರೆ ಮಿನುಗುತ್ತದೆ. ನನ್ನ ಕೇಳಿದರೆ ಕಿವಿಗೆ ಒಂದು, ಕಣ್ಣಿಗೆ ಒಂದು, ಎರಡೂ ಇರಲಿ. ಬ್ಲೂಟೂತ್ ಕೈಕೊಟ್ಟ ದಿನ ಈ ದೀಪವೇ ಗತಿ. ಖರೀದಿಗೆ ಮುಂಚೆ ಒಂದನ್ನು ಖಚಿತ ಮಾಡಿಕೊಳ್ಳಿ: ಈ ಡಿಟೆಕ್ಟರ್‌ಗೆ ಹೊರಗಿನ ದೀಪ ಜೋಡಿಸಲು ದಾರಿ ಇದೆಯೇ?

ಇಷ್ಟೇ ಮುಖ್ಯವಾದದ್ದು ಮ್ಯೂಟ್ ಬಟನ್. ಗ್ಲೌಸ್ ಹಾಕಿದ ಕೈಗೆ ಡಿಟೆಕ್ಟರ್ ಮೇಲಿನ ಅಕ್ಕಿಕಾಳಿನಷ್ಟು ಬಟನ್ ಸಿಗುವುದಿಲ್ಲ. ಎಡಗೈ ಹೆಬ್ಬೆರಳಿಗೆ ಎಟುಕುವ ರಿಮೋಟ್ ಬಟನ್ ಹಾಕುವಂತಿರಬೇಕು. ಇಲ್ಲದಿದ್ದರೆ ಕಡಿಮೆ ವೇಗದಲ್ಲಿ ತಾನೇ ಸುಮ್ಮನಾಗುವ ಜಿಪಿಎಸ್ ಸೌಲಭ್ಯವಾದರೂ ಬೇಕು.

ಹಂತ 4: ಮಳೆ, ಬಿಸಿಲು, ನಡುಕ

ಕಾರಿಗೆಂದು ಮಾಡಿದ ಡಿಟೆಕ್ಟರ್‌ಗಳಿಗೆ ಸಾಮಾನ್ಯವಾಗಿ ನೀರು ತಡೆಯುವ ರೇಟಿಂಗ್ ಇರುವುದಿಲ್ಲ. ಒಳ್ಳೆಯ ಹೆಸರಿರುವ ಮಾದರಿಗಳಿಗೂ ಇಲ್ಲ. ಬೈಕಿಗೆಂದೇ ಮಾಡಿದವು ಕೆಲವೇ ಕೆಲವು, ಅಡಾಪ್ಟಿವ್ ಕಂಪನಿಯ ಟಿಪಿಎಕ್ಸ್ ಅಂಥದ್ದು. ರೇಟಿಂಗ್ ನೋಡುವಾಗ "ವಾಟರ್‌ಪ್ರೂಫ್" ಎಂಬ ಮಾತಿಗೆ ಮರುಳಾಗಬೇಡಿ, ಅಂಕಿ ಕೇಳಿ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಹಾಗಿದ್ದರೂ ಪ್ರೆಶರ್ ವಾಷರ್ ಹಿಡಿಯುವ ಮುಂಚೆ ಅದನ್ನು ಬಿಚ್ಚಿಡಿ. ಆ ನೀರಿನ ಹೊಡೆತಕ್ಕೆ ಈ ಪರೀಕ್ಷೆ ಉತ್ತರವಲ್ಲ.

ಕಾರಿನ ಡಿಟೆಕ್ಟರನ್ನೇ ಬೈಕಿಗೆ ಹಾಕಿ, ಮಳೆ ಬಂದರೆ ಪ್ಲಾಸ್ಟಿಕ್ ಹೊದಿಸುವವರೇ ಜಾಸ್ತಿ. ತಪ್ಪೇನಲ್ಲ, ಪ್ಲಾಸ್ಟಿಕ್ ಮೈಕ್ರೋವೇವ್ ಅನ್ನು ತಡೆಯುವುದಿಲ್ಲ. ತಡೆಯುವುದು ಅದರ ಮೇಲೆ ನಿಂತ ನೀರು. ಕವರ್ ಮೇಲೆ ನೀರಿನ ಪೊರೆ ಕಟ್ಟಿದರೆ ಕೆಎ ಬ್ಯಾಂಡ್‌ನ ರೇಂಜ್ ಚೆನ್ನಾಗೇ ಇಳಿಯುತ್ತದೆ. ಮಳೆ ನಿಂತ ಮೇಲೆ ಕವರ್ ತೆಗೆಯಲು ಮರೆಯಬೇಡಿ. ಬಿಸಿಲಿಗೆ ಒಳಗೆ ಬೆವರು ಕಟ್ಟಿದರೆ ಮಳೆಗಿಂತ ಅದೇ ಹೆಚ್ಚು ಕೆಡಿಸುತ್ತದೆ.

ಪರದೆಯನ್ನು ಅಂಗಡಿಯ ದೀಪದ ಕೆಳಗೆ ನೋಡಿ ಮೆಚ್ಚಬೇಡಿ, ಹೊರಗೆ ಬಿಸಿಲಿಗೆ ತನ್ನಿ. ನಡುಕಕ್ಕೆ ರಬ್ಬರ್ ಇರುವ ಮೌಂಟ್ ಹಾಕಿ. ಸಿಂಗಲ್ ಸಿಲಿಂಡರ್ ಬೈಕ್ ಆದರೆ ಇದು ಬೇಕೇ ಬೇಕು, ಇಲ್ಲದಿದ್ದರೆ ಒಳಗಿನ ಬೆಸುಗೆ ಬಿಡಬಹುದು.

ಹಂತ 5: ಕರೆಂಟು

ಡಿಟೆಕ್ಟರ್ ಎಳೆಯುವ ಕರೆಂಟು ಕಡಿಮೆ, ಸಾಮಾನ್ಯವಾಗಿ ಅರ್ಧ ಆಂಪಿಯರ್ ಆಸುಪಾಸು. ಆದರೂ ನೇರ ಬ್ಯಾಟರಿಗೆ ಜೋಡಿಸಬೇಡಿ. ನಿಲ್ಲಿಸಿದ ಬೈಕ್‌ನಲ್ಲಿ ಅದು ಆನ್ ಆಗೇ ಉಳಿದರೆ ಒಂದೆರಡು ದಿನದಲ್ಲಿ ಬೈಕಿನ ಸಣ್ಣ ಬ್ಯಾಟರಿ ಸತ್ತಿರುತ್ತದೆ. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರು ಹುಡುಕಿ, ಮಲ್ಟಿಮೀಟರ್ ಇಟ್ಟು ನೋಡಿ. ಕೀ ಆಫ್ ಇದ್ದಾಗ ಸೊನ್ನೆ, ಆನ್ ಮಾಡಿದಾಗ 12 ವೋಲ್ಟ್ ಸುತ್ತ, ಎಂಜಿನ್ ಓಡುವಾಗ 13.5ರಿಂದ 14.5ರ ನಡುವೆ ಬರಬೇಕು. ಎಂಜಿನ್ ಏರಿಸಿದಾಗ 15 ದಾಟಿದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಹೋಗುತ್ತಿದೆ ಎಂದರ್ಥ. ಅದನ್ನು ಸರಿಮಾಡಿಸುವ ತನಕ ಡಿಟೆಕ್ಟರ್ ಜೋಡಿಸಬೇಡಿ.

ನಡುವೆ ಕಂಪನಿ ಹೇಳಿದ ಅಳತೆಯ ಫ್ಯೂಸ್ ಇರಲಿ. ಕ್ಯಾನ್‌ಬಸ್ (ಬೈಕಿನ ಎಲೆಕ್ಟ್ರಾನಿಕ್ ಭಾಗಗಳನ್ನು ಒಂದಕ್ಕೊಂದು ಬೆಸೆಯುವ ಜಾಲ) ಇರುವ ಬೈಕ್ ಆದರೆ ಹೆಡ್‌ಲೈಟ್, ಇಂಡಿಕೇಟರ್ ವೈರ್‌ಗಳಿಗೆ ಕೈ ಹಾಕಬೇಡಿ, ಬೈಕಿನ ಕಂಪ್ಯೂಟರ್ ಎರರ್ ತೋರಿಸಲು ಶುರು ಮಾಡುತ್ತದೆ. ಅಂಥ ಬೈಕ್‌ಗಳಲ್ಲಿ ಕಂಪನಿಯೇ ಕೊಟ್ಟ ಆಕ್ಸೆಸರಿ ಸಾಕೆಟ್ ಬಳಸುವುದು ಸುಲಭ. ವೈರನ್ನು ಹ್ಯಾಂಡಲ್ ಬುಡದಲ್ಲಿ ಹಾಯಿಸುವಾಗ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ, ಎಲ್ಲೂ ಎಳೆಯಬಾರದು.

ಹಂತ 6: ಎಲ್ಲಿ ಕೂರಿಸುವುದು

ಆಂಟೆನಾಗೆ ಮುಂದಿನ ರಸ್ತೆ ನೇರ ಕಾಣಬೇಕು. ಪಾರದರ್ಶಕ ವಿಂಡ್‌ಸ್ಕ್ರೀನ್ ಹಿಂದೆ ಇಟ್ಟರೆ ತೊಂದರೆಯಿಲ್ಲ. ಲೋಹದ ಮೀಟರ್ ಬ್ರಾಕೆಟ್, ಫೋನು, ಕಾರ್ಬನ್ ಫೈಬರ್ ಫೇರಿಂಗ್ ಇವು ಮೂರೂ ತಡೆಯುತ್ತವೆ. ಕಾರ್ಬನ್ ಫೈಬರ್ ನೋಡಲು ಪ್ಲಾಸ್ಟಿಕ್ ತರಹ ಕಂಡರೂ ಅದರಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಮೈಕ್ರೋವೇವ್‌ಗೆ ಅದು ಗೋಡೆ. ಟ್ಯಾಂಕ್ ಬ್ಯಾಗಿನ ಮೇಲಿನ ಪಾರದರ್ಶಕ ಕಿಸೆಯಲ್ಲಿ ಇಡುವವರಿದ್ದಾರೆ. ಅಲ್ಲಿಂದ ಡಿಟೆಕ್ಟರ್ ನೋಡುವುದು ಮೀಟರಿನ ಬೆನ್ನನ್ನು, ರಸ್ತೆಯನ್ನಲ್ಲ.

ಹಿಂದಿನ ಆಂಟೆನಾ ಇರುವ ಮಾದರಿ ಕೊಂಡವರು ಒಂದು ವಿಷಯ ತಿಳಿದಿರಬೇಕು. ಹಿಂದಿನಿಂದ ಬರುವ ಸಿಗ್ನಲ್‌ಗೆ ಅಡ್ಡ ಕೂತಿರುವುದು ನೀವೇ. ಮನುಷ್ಯನ ಮೈಯಲ್ಲಿ ಬಹುಪಾಲು ನೀರು, ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಕಾರಿನಲ್ಲಿ ಹಿಂದಿನಿಂದ ಚೆನ್ನಾಗಿ ಹಿಡಿಯುವ ಡಿಟೆಕ್ಟರ್ ಬೈಕ್ ಮೇಲೆ ಅಷ್ಟು ಹಿಡಿಯುವುದಿಲ್ಲ. ಹಿಂಬದಿ ಸವಾರರು, ಟಾಪ್ ಬಾಕ್ಸ್ ಸೇರಿದರೆ ಇನ್ನೂ ಕಡಿಮೆ. ಹ್ಯಾಂಡಲ್‌ನ ಮಧ್ಯಕ್ಕಿಂತ ಒಂದು ಬದಿಗೆ, ಕನ್ನಡಿಯ ಕಂಬದ ಹತ್ತಿರ ಇಟ್ಟರೆ ನಿಮ್ಮ ಭುಜದ ಪಕ್ಕದಿಂದ ಸ್ವಲ್ಪವಾದರೂ ಹಿಂದೆ ಕಾಣುತ್ತದೆ.

ಬಾಲ್ ಮೌಂಟ್ ಬಳಸಿ, ಬಿಚ್ಚಿ ಜೇಬಿಗೆ ಹಾಕಿಕೊಳ್ಳುವಂತಿರಲಿ. ಬಿಟ್ಟು ಹೋದರೆ ವಾಪಸ್ ಬರುವಾಗ ಮೌಂಟ್ ಮಾತ್ರ ಇರುತ್ತದೆ.

ಹಂತ 7: ಈಗ ರೇಂಜ್, ಬಾಣ, ಫಿಲ್ಟರ್

ಮೇಲಿನ ಎಲ್ಲದರಲ್ಲೂ ಪಾಸಾದ ಎರಡು ಮೂರು ಮಾದರಿಗಳು ಕೈಯಲ್ಲಿ ಉಳಿದಿವೆ ಅಲ್ವಾ? ಈಗ ಇವನ್ನು ತೂಗಿ ನೋಡಿ. ಈಗಿನ ಮೇಲ್ದರ್ಜೆಯ ಡಿಟೆಕ್ಟರ್‌ಗಳ ನಡುವೆ ರೇಂಜ್‌ನಲ್ಲಿ ಇರುವ ವ್ಯತ್ಯಾಸಕ್ಕಿಂತ ಸುಳ್ಳು ಎಚ್ಚರಿಕೆ ತಡೆಯುವುದರಲ್ಲಿ ಇರುವ ವ್ಯತ್ಯಾಸ ದೊಡ್ಡದು. ಕನ್ನಡಿಗೆ ಕಾಣದ ಬದಿಯ ವಾಹನವನ್ನು ಗುರುತಿಸುವ, ಎಷ್ಟೋ ಕಾರುಗಳ ಬ್ಲೈಂಡ್ ಸ್ಪಾಟ್ ರಡಾರ್ ಕೆಲಸ ಮಾಡುವುದು 24 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಸೀದಾ ಕೆ ಬ್ಯಾಂಡ್‌ನಲ್ಲಿ. ಅಂಥ ಕಾರೊಂದು ಮುಂದೆ ಹೋಗುತ್ತಿದ್ದರೆ ಫಿಲ್ಟರ್ ಸರಿಯಿಲ್ಲದ ಡಿಟೆಕ್ಟರ್ ಕಿವಿಯೊಳಗೆ ಒಂದೇ ಸಮ ಕಿರುಚುತ್ತದೆ. ಹೆಲ್ಮೆಟ್‌ನೊಳಗೆ ಅದನ್ನು ಅರ್ಧ ಗಂಟೆ ಕೇಳಿದವರು ಡಿಟೆಕ್ಟರನ್ನೇ ಆಫ್ ಮಾಡುತ್ತಾರೆ. ಡುಕಾಟಿ ಮಲ್ಟಿಸ್ಟ್ರಾಡಾ ವಿ4ನಂಥ ಬೈಕ್‌ಗಳಲ್ಲೇ ಈಗ ರಡಾರ್ ಬಂದಿದೆ. ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸುವ ಅಡಾಪ್ಟಿವ್ ಕ್ರೂಸ್‌ಗೆ ಬಳಸುವ 77 ಗಿಗಾಹರ್ಟ್ಸ್ ರಡಾರ್‌ನಿಂದ ತೊಂದರೆಯಿಲ್ಲ, ಅದು ಡಿಟೆಕ್ಟರ್ ಕೇಳುವ ಪಟ್ಟಿಗಳಿಂದ ಬಹಳ ಮೇಲಿದೆ.

ಜಿಪಿಎಸ್ ಇರುವ ಮಾದರಿಗಳು ದಿನಾ ಹೋಗುವ ದಾರಿಯ ಅಂಗಡಿ ಬಾಗಿಲುಗಳನ್ನು ನೆನಪಿಟ್ಟುಕೊಂಡು ಅಲ್ಲಿ ಸುಮ್ಮನಿರುತ್ತವೆ. ಬೈಕಿಗೆ ಇದು ಆಡಂಬರವಲ್ಲ, ಅಗತ್ಯ. ಸಿಗ್ನಲ್ ಮುಂದಿದೆಯೋ ಹಿಂದಿದೆಯೋ ತೋರಿಸುವ ಬಾಣಗಳು ಚೆನ್ನ, ಆದರೆ ಹಿಂದಿನ ಹಂತದಲ್ಲಿ ಹೇಳಿದ ಕಾರಣಕ್ಕೆ ಬೈಕ್ ಮೇಲೆ ಅವುಗಳ ಬೆಲೆ ಸ್ವಲ್ಪ ಕಡಿಮೆ. ಬಾಣ ಮತ್ತು ಒಳ್ಳೆಯ ಆಡಿಯೋ ನಡುವೆ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಆಡಿಯೋ ಕಡೆ.

ಎಷ್ಟು ರೇಂಜ್ ಇದ್ದರೂ ಒಂದಕ್ಕೆ ಉತ್ತರವಿಲ್ಲ. ಪೊಲೀಸರು ಗನ್ನಿನ ಟ್ರಿಗರ್ ಒತ್ತದೆ ಕಾದು ಕೂತು, ನೀವು ಹತ್ತಿರ ಬಂದಾಗ ಮಾತ್ರ ಒತ್ತಿದರೆ ಡಿಟೆಕ್ಟರ್‌ಗೆ ಮುಂಚೆ ಕೇಳಲು ಏನೂ ಇರುವುದಿಲ್ಲ. ಮುಂದೆ ಹೋದ ಬೇರೆ ವಾಹನಕ್ಕೆ ಒತ್ತಿದ್ದು ಕೇಳಿಸಿದರೆ ಅದೇ ಸೂಚನೆ. ಒಂದೇ ಒಂದು ಸಲ ಬಂದು ಮಾಯವಾದ ಸಣ್ಣ ಕೆಎ ಬೀಪ್ ಅನ್ನು "ಏನೋ ಇರಬೇಕು ಬಿಡು" ಎಂದು ತಳ್ಳಿಹಾಕಬೇಡಿ. ಖಾಲಿ ರಸ್ತೆಯಲ್ಲಿ ನೀವೊಬ್ಬರೇ ಇದ್ದರೆ ಆ ಸೂಚನೆಯೂ ಸಿಗುವುದಿಲ್ಲ.

ಹಂತ 8: ಸೆಟಿಂಗ್ ಮತ್ತು ಪರೀಕ್ಷೆ

ನಿಮ್ಮ ಕಡೆ ಎಕ್ಸ್ ಬ್ಯಾಂಡ್ ಬಳಕೆಯಲ್ಲಿ ಇಲ್ಲದಿದ್ದರೆ ಆಫ್ ಮಾಡಿ. ಕೆ ಫಿಲ್ಟರ್ ಆನ್ ಇರಲಿ. ಕೆಎಗೆ ಬೇರೆಲ್ಲಕ್ಕಿಂತ ಭಿನ್ನವಾದ ದನಿ ಇಡಿ, ಯೋಚಿಸದೆ ಗೊತ್ತಾಗಬೇಕು.

ಪರೀಕ್ಷೆಗೆ ರಡಾರ್ ಗನ್ ಬೇಕಿಲ್ಲ. "ನಿಮ್ಮ ವೇಗ ಇಷ್ಟು" ಎಂದು ತೋರಿಸುವ ರಸ್ತೆ ಬದಿಯ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಕೆ ಬ್ಯಾಂಡ್ ರಡಾರ್ ಇರುತ್ತದೆ. ಸದಾ ಆನ್, ಸದಾ ಅದೇ ಜಾಗ. ಮಿತಿಯೊಳಗಿನ ವೇಗದಲ್ಲಿ ಅದರತ್ತ ಹೋಗಿ, ಮೊದಲ ಎಚ್ಚರಿಕೆ ಕಿವಿಗೆ ಬಿದ್ದ ಜಾಗಕ್ಕೆ ಒಂದು ಗುರುತು ನೆನಪಿಟ್ಟುಕೊಳ್ಳಿ: ಒಂದು ಮರ, ಒಂದು ಕಂಬ. ಡಿಟೆಕ್ಟರನ್ನು ಒಂದು ಗೇಣು ಎತ್ತರಿಸಿ ಅಥವಾ ಬದಿಗೆ ಸರಿಸಿ ಮತ್ತೆ ಹೋಗಿ. ಗುರುತು ಬೋರ್ಡ್‌ನಿಂದ ಇನ್ನೂ ದೂರಕ್ಕೆ ಸರಿದರೆ ಜಾಗ ಉತ್ತಮವಾಯಿತು. ಆಮೇಲೆ ಬೋರ್ಡ್ ದಾಟಿ ತಿರುಗಿ, ಅದಕ್ಕೆ ಬೆನ್ನು ಹಾಕಿ ಹೊರಡಿ. ನಿಮ್ಮ ಮೈ ಎಷ್ಟು ತಡೆಯುತ್ತಿದೆ ಎಂದು ಅಲ್ಲೇ ತಿಳಿಯುತ್ತದೆ. ಇಷ್ಟನ್ನೂ ಹೆಲ್ಮೆಟ್ ಹಾಕಿ, ವೈಸರ್ ಮುಚ್ಚಿ, ಇಯರ್‌ಪ್ಲಗ್ ಬಳಸುವವರಾದರೆ ಅದನ್ನೂ ಹಾಕಿಯೇ ಮಾಡಿ. ಕೊಂಡ ಮೊದಲ ವಾರದಲ್ಲೇ ಮಾಡಿ, ಹಿಂತಿರುಗಿಸುವ ಅವಧಿ ಮುಗಿಯುವ ಮುಂಚೆ.

ಕೊನೆಯದಾಗಿ, ಎಚ್ಚರಿಕೆ ಬಂದಾಗ ಕೈ ಏನು ಮಾಡಬೇಕು ಎಂಬುದನ್ನೂ ಅಭ್ಯಾಸ ಮಾಡಿಕೊಳ್ಳಿ. ಕಾರಿನವರು ಬೀಪ್ ಕೇಳಿದ ತಕ್ಷಣ ಬ್ರೇಕ್ ಒತ್ತುತ್ತಾರೆ. ಬೈಕ್ ವಾಲಿಸಿಕೊಂಡು ತಿರುವಿನಲ್ಲಿದ್ದಾಗ ಬೆಚ್ಚಿ ಮುಂದಿನ ಬ್ರೇಕ್ ಹಿಡಿದರೆ ದಂಡಕ್ಕಿಂತ ದೊಡ್ಡ ನಷ್ಟವಾಗುತ್ತದೆ. ಥ್ರಾಟಲ್ ಮೆಲ್ಲಗೆ ಬಿಡಿ, ಕನ್ನಡಿಯಲ್ಲಿ ಹಿಂದಿನವರನ್ನು ನೋಡಿ, ಬೈಕ್ ನೇರವಾದ ಮೇಲೆ ಬೇಕಿದ್ದರೆ ಬ್ರೇಕ್. ಥ್ರಾಟಲ್ ಬಿಟ್ಟಾಗ ಬ್ರೇಕ್ ಲೈಟ್ ಹತ್ತುವುದಿಲ್ಲ, ಹಿಂದೆ ಅಂಟಿಕೊಂಡು ಬರುವವರಿಗೆ ನೀವು ನಿಧಾನವಾದದ್ದು ತಿಳಿಯುವುದಿಲ್ಲ. ಅಂಥವರು ಹಿಂದಿದ್ದರೆ ಹಿಂದಿನ ಬ್ರೇಕ್ ಪೆಡಲ್ ಅನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ.